ಕುಂಟಲಕೆರೆಯ ಎಂಟನೆಯ ಸೈಟು

ಬಿಜೈಯ ಸಂಕಪ್ಪ ಶೆಟ್ಟಿಗೆ ಎರಡು ಮನೆ ಎಂದು ಊರವರು ಹೇಳುತ್ತಿದ್ದರು. ಹೇಳುವವರಿಗೇನು, ಬಾಯಿ ನೋಯುವುದಿಲ್ಲ. ಹಗಲು ಬಿಜೈಯಲ್ಲಿ ಅಕ್ಕನ ಮನೆ, ಸಂಜೆಯಾದರೆ ಅತ್ತಾವರದಲ್ಲಿ ಹೆಂಡತಿಯ ಮನೆ. ಒಂದರಲ್ಲಿ ಯಜಮಾನ, ಇನ್ನೊಂದರಲ್ಲಿ ನೆಂಟ. ಗೋಡೆಗೊಂದು ಮೊಳೆ ಹೊಡೆಯಬೇಕಾದರೆ ಎರಡು ಕಡೆಯೂ ಬೇರೆಯವರ ಮುಖ ನೋಡಬೇಕು. ಇಂಥವನಿಗೆ ಎರಡು ಮನೆ ಇತ್ತು ಎನ್ನುವುದಾದರೆ ಛತ್ರದ ಜಗಲಿಯಲ್ಲಿ ಮಲಗುವವನಿಗೆ ಛತ್ರವೇ ಇತ್ತು ಎನ್ನಬೇಕಾಗುತ್ತದೆ.

ಅವರ ಕಡೆ ಆಗ ನಡೆಯುತ್ತಿದ್ದದ್ದು ಅಳಿಯಸಂತಾನದ ಕಟ್ಟು. ಆಸ್ತಿ ತಾಯಿಯಿಂದ ಮಗಳಿಗೆ, ಮಗಳಿಂದ ಅವಳ ಮಕ್ಕಳಿಗೆ ಇಳಿಯುತ್ತದೆ. ಗಂಡಸಾದವನು ಸೋದರಿಯ ಗದ್ದೆ ತೋಟ ನೋಡಿಕೊಂಡು, ಅವಳ ಮಕ್ಕಳನ್ನು ಬೆಳೆಸಿ ಓದಿಸಿ ದಡ ಸೇರಿಸಬೇಕು. ಅವನ ಸ್ವಂತ ಹೆಂಡತಿ ತನ್ನ ತವರಿನಲ್ಲೇ ಇರುತ್ತಾಳೆ. ಗಂಡ ಅಲ್ಲಿಗೆ ಹೋಗಿ ಬರುವವನು. ಸಂಕಪ್ಪ ಹೀಗೆ ಹೋಗಿ ಬರುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ. ಅತ್ತಾವರದಲ್ಲಿ ಅವನಿಗೆ ಮೊದಲ ಎಲೆ, ಮೀನಿನ ನಡುತುಂಡು, ಒಗೆದ ಜಮಖಾನ, ಯಾವುದಕ್ಕೂ ಕಡಿಮೆ ಇರಲಿಲ್ಲ. ಅವನು ಅಂಗಳಕ್ಕೆ ಕಾಲಿಟ್ಟರೆ ಭಾವಮೈದ ಎದ್ದು ನಿಲ್ಲುತ್ತಿದ್ದ. ಮದುವೆಯಾದ ವರ್ಷವೂ ಎದ್ದು ನಿಂತ, ಸಂಕಪ್ಪನ ಹಲ್ಲು ಬಿದ್ದ ವರ್ಷವೂ ಎದ್ದು ನಿಂತ. ಅದು ನೆಂಟನಿಗೆ ಕೊಡುವ ಮರ್ಯಾದೆ. ಮನೆಯವನು ಬಂದರೆ ಯಾರೂ ಎದ್ದು ನಿಲ್ಲುವುದಿಲ್ಲ.

ಹೆಂಡತಿ ಯಮುನಾ ಮಾತು ಕಡಿಮೆಯ ಹೆಂಗಸು. ಮಕ್ಕಳಾಗಲಿಲ್ಲ. ಅತ್ತಿಗೆಯ ಅಡುಗೆಮನೆಯಲ್ಲಿ ಅತ್ತಿಗೆ ಹೇಳಿದ್ದನ್ನು ಅರೆದು, ಅತ್ತಿಗೆ ಹೇಳಿದ್ದನ್ನು ಬೇಯಿಸಿ ಆಯುಷ್ಯ ಕಳೆದವಳು. ಗಂಡನಿಗೆ ಇಷ್ಟವೆಂದು ಒಂದು ದಿನ ತಾನೇ ಮನಸ್ಸು ಮಾಡಿ ಒಂದು ಪದಾರ್ಥ ಮಾಡಿದ್ದು ಅವಳಿಗೆ ನೆನಪಿರಲಿಲ್ಲ. ಇದನ್ನು ಅವಳು ಹೇಳಿಕೊಂಡವಳಲ್ಲ, ಸಂಕಪ್ಪನಿಗೆ ಗೊತ್ತಿತ್ತು.

ಬಿಜೈಯ ಮನೆಯ ಹಿಂದೆ ಜಾಗ ಇಳಿಜಾರಾಗಿ ಹೋಗಿ ಕುಂಟಲಕೆರೆಯ ನೀರಿಗೆ ತಾಗುತ್ತಿತ್ತು. ದಡದಲ್ಲಿ ದೊಡ್ಡದೊಂದು ನೇರಳೆ ಮರ. ತುಳುವಿನಲ್ಲಿ ಅದೇ ಕುಂಟಲ, ಕೆರೆಗೂ ಅದೇ ಹೆಸರು. ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ಪೇಟೆ ಗುಡ್ಡ ಹತ್ತಿ ಬಿಜೈ, ಕದ್ರಿಯ ಕಡೆಗೆ ಕೈಕಾಲು ಚಾಚುತ್ತಿತ್ತು. ಬ್ಯಾಂಕಿನವರು, ವಕೀಲರು, ಕಾಲೇಜಿನ ಮೇಷ್ಟ್ರುಗಳು ಎಲ್ಲರಿಗೂ ಹೆಂಚಿನ ಸಣ್ಣ ಮನೆಯೊಂದು ಬೇಕಿತ್ತು. ಆಗ ಅಕ್ಕ ಪದ್ದಕ್ಕನ ಮಗ ಗುಣಪಾಲ, ಬೊಂಬಾಯಿಯಲ್ಲಿ ಹೋಟೆಲಿಟ್ಟವನು, ಊರಿಗೆ ಬಂದು ಕೆರೆಯ ದಡದಲ್ಲಿ ನಿಂತು ಸಿಗರೇಟು ಸೇದುತ್ತಾ ಹೇಳಿದ:

“ಮಾವ, ಇಲ್ಲಿ ಹುಲ್ಲು ಬೆಳೆಸಿ ಎಂತ ಮಾಡುವುದು? ಸೈಟು ಮಾಡಿ ಕೊಡುವ. ನೀರು ಕಾಣುವ ಜಾಗ ಅಂದ್ರೆ ಜನ ಕಣ್ಣು ಮುಚ್ಚಿ ತೆಗೆದುಕೊಳ್ತಾರೆ.”

ಹೇಳಿದವನು ಮರುವಾರ ಬೊಂಬಾಯಿಗೆ ಹೋದ. ಮಾಡಿಸುವ ಕೆಲಸ ಮಾವನ ತಲೆಗೆ ಬಂತು. ಪೇಟೆಯ ಕಚೇರಿಯಿಂದ ನಕ್ಷೆ ಪಾಸಾಗದೆ ಜಾಗವನ್ನು ತುಂಡು ಮಾಡಿ ಮಾರುವ ಹಾಗಿರಲಿಲ್ಲ. ರಸ್ತೆ ಇಷ್ಟು ಅಗಲ ಬೇಕು, ಚರಂಡಿ ಕೆರೆಗೆ ಬೀಳಬಾರದು, ನೆರೆಕರೆಯವರ ತಕರಾರು ಇರಬಾರದು. ಸಂಕಪ್ಪ ಕೊಡೆ ಹಿಡಿದುಕೊಂಡು ಹೊರಟ. ಆ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಅವನ ಚಪ್ಪಲಿ ಸವೆಯಿತು, ಗುಮಾಸ್ತರ ಮಕ್ಕಳ ಹೆಸರೆಲ್ಲ ಬಾಯಿಪಾಠವಾಯಿತು. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂಬ ಮಾತನ್ನು ಬೆಳಿಗ್ಗೆಯೂ ಕೇಳಿದ, ಸಂಜೆಯೂ ಕೇಳಿದ. ಸಾಹೇಬರಿಗೆ ಅಷ್ಟು ಹಸಿವು.

ಆ ದಿನಗಳಲ್ಲೇ ಒಂದು ಸಂಜೆ ಯಮುನಾ ಅವನಿಗೆ ವೀಳ್ಯ ಮಡಚಿ ಕೊಡುತ್ತಾ ಕೇಳಿದಳು.

“ಎಷ್ಟು ಸೈಟು ಆಗ್ತದೆ?”

“ಎಂಟು.”

“ಎಂಟರಲ್ಲಿ ಒಂದು ನಮಗೆ ಆಗ್ಲಿಕ್ಕಿಲ್ವಾ? ದೊಡ್ಡದು ಬೇಡ. ಒಂದು ಒಲೆ ಇಡ್ಲಿಕ್ಕೆ ಆದ್ರೆ ಸಾಕು.”

ಅವಳು ಅವನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವನು ಹೂಂ ಎಂದ. ಎಂಟನೆಯದು ದಡದ ಮೂಲೆಯಲ್ಲಿ, ಕುಂಟಲ ಮರದ ಕೆಳಗೆ. ಅದಾಗಬಹುದು ಎಂದ. ಯಮುನಾ ಆ ಹೂಂ ಒಂದನ್ನೇ ನಂಬಿ, ಕೈಯಲ್ಲಿದ್ದ ಚಿಲ್ಲರೆ ಕೂಡಿಸಿ, ಕಾರ್ಕಳದ ಕಲ್ಲಿನವರಿಂದ ಅಕ್ಕಿ ಅರೆಯಲು ಒಂದು ಕಡೆಯುವ ಕಲ್ಲು ತರಿಸಿದಳು. ಅತ್ತಿಗೆಯ ಕಣ್ಣಿಗೆ ಬೀಳುವುದು ಬೇಡವೆಂದು ಗಾಡಿಯವನಿಗೆ ಹೇಳಿ ನೇರ ಕುಂಟಲ ಮರದ ಬುಡದಲ್ಲೇ ಇಳಿಸಿದಳು. ಮನೆಗೆ ಮುಂಚೆ ಮನೆಯ ಕಲ್ಲು ಬಂದು ಕೂತಿತು.

ನಕ್ಷೆ ಬರೆಯುವವನು ಜೆರೋಮ್. ಕೊಂಕಣಿ ಕ್ರಿಸ್ತುವ, ಊರವರ ಬಾಯಲ್ಲಿ ಪೊರ್ಬು, ಮೂಗಿನ ತುದಿಯಲ್ಲಿ ಕನ್ನಡಕ, ಸುಳ್ಳು ಹೇಳಲು ಬಾರದ ಮನುಷ್ಯ. ಎಂಟು ಚೌಕ ಎಳೆದು, ಯಾವುದು ಯಾರಿಗೆಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಬಂದ. ಮೊದಲ ಐದು ಮಾರಾಟಕ್ಕೆ. ಆರು, ಏಳು ಪದ್ದಕ್ಕನ ಹೆಣ್ಣುಮಕ್ಕಳಾದ ಶಶಿಪ್ರಭಾ, ಆಶಾಲತಾ ಇವರಿಗೆ.

“ಎಂಟು?” ಎಂದ ಜೆರೋಮ್.

“ಅದು ಹಾಗೇ ಇರಲಿ, ಪೊರ್ಬುಗಳೇ.”

“ಹಾಗೇ ಅಂದ್ರೆ ಎಂತ ಶೆಟ್ರೇ? ನೀವು ಮನೆ ಕಟ್ತೀರಿ ಅಂತ ಹೇಳಿದ್ರಲ್ಲ? ನಿಮ್ಮ ಹೆಸರು ಹಾಕ್ತೇನೆ.”

“ಬೇಡ ಬೇಡ! ಅಕ್ಕ ಹೇಳ್ತಾಳೆ. ಅವಳು ಹೇಳಿದ ಮೇಲೆ ಹಾಕುವ.”

“ಹೇಳದಿದ್ರೆ?”

“ಹೇಳದೆ ಎಲ್ಲಿ ಹೋಗ್ತಾಳೆ ಮಾರಾಯ್ರೆ? ಒಡಹುಟ್ಟಿದವಳು.”

ಜೆರೋಮನಿಗೆ ಅರ್ಥವಾಗಲಿಲ್ಲ, ಆಗುವುದೂ ಇಲ್ಲ. ಯಜಮಾನನಾದವನು ಕುಟುಂಬದ ಜಾಗದಿಂದ ಹೆಂಡತಿಗಾಗಿ ಒಂದು ತುಂಡು ಕೇಳಿದರೆ ಅವನನ್ನು ಏನೆನ್ನುತ್ತಾರೆಂದು ಸಂಕಪ್ಪನಿಗೆ ಗೊತ್ತು. ಅವನ ಅಜ್ಜಿಯ ತಮ್ಮನೊಬ್ಬ ಹಿಂದೆ ಯಜಮಾನನಾಗಿದ್ದಾಗ ಕದ್ದುಮುಚ್ಚಿ ಹೆಂಡತಿಯ ಮನೆಗೆ ಭತ್ತ ಸಾಗಿಸಿದ್ದನಂತೆ. ಗೊತ್ತಾದ ದಿನದಿಂದ ಮುದುಕನ ಎಲೆಯನ್ನು ಒಳಗೆ ಹಾಕುವುದು ನಿಂತಿತು; ಹೊರಜಗಲಿಯಲ್ಲಿ, ನಾಯಿ ಮಲಗುವ ಕಡೆ ಬಡಿಸುತ್ತಿದ್ದರು. ಆ ಮುದುಕ ತಲೆತಗ್ಗಿಸಿ ಗಂಜಿ ಸುರಿಯುವುದನ್ನು ಸಂಕಪ್ಪ ಚಿಕ್ಕವನಾಗಿ ಕಣ್ಣಾರೆ ಕಂಡವನು. ಅಂದಿನಿಂದ ಅವನಿಗೆ ಹುಲಿಯ ಹೆದರಿಕೆಯಿರಲಿಲ್ಲ, ಭೂತದ ಹೆದರಿಕೆಯಿರಲಿಲ್ಲ, ಆ ಹೊರಜಗಲಿಯ ಹೆದರಿಕೆ ಇತ್ತು. ಮರ್ಯಾದಸ್ಥ ಯಜಮಾನ ಕೇಳುವುದಿಲ್ಲ. ಮನೆಯ ಹೆಂಗಸು ತಾನಾಗಿ ಹೇಳಬೇಕು: ಇಷ್ಟು ದುಡಿದೆಯಲ್ಲ, ಇದು ನಿನಗೆ. ಹಾಗೆ ಹೇಳಿಸಿಕೊಂಡು ತೆಗೆದುಕೊಂಡರೆ ಮಾನ. ಸಂಕಪ್ಪ ಆ ಒಂದು ಮಾತಿಗೆ ಕಾದು ಕುಳಿತ.

ಅಷ್ಟರಲ್ಲಿ ಕೆರೆಯ ಆಚೆ ದಡದ ಮೊಯ್ದೀನಬ್ಬ ತಕರಾರು ಹಾಕಿದ. ಒಣಮೀನಿನ ವ್ಯಾಪಾರದ ಬ್ಯಾರಿ, ಸಂಕಪ್ಪನ ಜತೆ ಅದೇ ಕೆರೆಯಲ್ಲಿ ಈಜು ಕಲಿತವನು. ಅವರ ಕೇರಿಯ ಕಡೆ ದಡ ಕಡಿದಾಗಿತ್ತು. ಅಲ್ಲಿಯ ಹೆಂಗಸರು ಹಿಂದಿನಿಂದಲೂ ಕೆರೆಯ ಏರಿ ಸುತ್ತಿ ಬಂದು, ಈ ಕುಂಟಲ ಮರದ ಬುಡದಲ್ಲಿ ನೀರಿಗಿಳಿದು ಬಟ್ಟೆ ಒಗೆಯುತ್ತಿದ್ದರು. ಸೈಟಾಗಿ ಬೇಲಿ ಬಿದ್ದರೆ ದಾರಿ ಹೋಯಿತು. ತಕರಾರು ಇರುವವರೆಗೆ ನಕ್ಷೆ ಪಾಸಾಗುವುದಿಲ್ಲ ಎಂದು ಕಚೇರಿಯವರು ಕೈಚೆಲ್ಲಿದರು. ಸಂಕಪ್ಪ ಮೊಯ್ದೀನಬ್ಬನ ಅಂಗಡಿಗೆ ಹೋಗಿ ಮೀನಿನ ಮೂಟೆಯ ಮೇಲೆ ಕುಳಿತ.

“ನಾನು ನಿಮ್ಮ ಮೇಲೆ ಹಾಕಿದ್ದಲ್ಲ ಸಂಕಪ್ಪಣ್ಣ,” ಎಂದ ಮೊಯ್ದೀನಬ್ಬ. “ನಾಳೆ ಬಂದು ಕೂತುಕೊಳ್ಳುವವರು ಯಾರೋ ಏನೋ. ನಮ್ಮ ಕೇರಿಯ ಖತೀಜಮ್ಮ ಬಟ್ಟೆ ಹಿಡ್ಕೊಂಡು ಅವರ ಬಾಗಿಲಲ್ಲಿ ಬೇಡ್ಲಿಕ್ಕೆ ಉಂಟಾ?”

“ಎಂಟನೆಯದರಲ್ಲಿ ನಾನೇ ಇರ್ತೇನೆ. ಮರದ ಬುಡದಿಂದ ನೀರಿನವರೆಗೆ ಬೇಲಿ ಹಾಕುವುದಿಲ್ಲ. ನಿಮ್ಮ ಹೆಂಗಸರು ನಮ್ಮ ಅಂಗಳದಲ್ಲೇ ಹೋಗ್ಲಿ.”

“ನೀವೇ ಇರ್ತೀರಾ? ಖಂಡಿತ?”

“ನನ್ನ ಮಾತು.”

ಮೊಯ್ದೀನಬ್ಬ ಚಹಾ ತರಿಸಿದ.

ಜಾಗ ನೋಡಲು ಕಚೇರಿಯ ಕಮಿಟಿಯವರು ಬಂದ ದಿನ ಪದ್ದಕ್ಕನ ಮನೆಯಲ್ಲಿ ಹಬ್ಬದ ಸಂಭ್ರಮ. ಎಳನೀರು, ಬಾಳೆಹಣ್ಣಿನ ಹಲ್ವ, ಚಾಪೆ, ಕುರ್ಚಿ. ಪದ್ದಕ್ಕ ಜಗಲಿಯ ಕಂಬಕ್ಕೊರಗಿ ನಿಂತಿದ್ದಳು. ಬಂದವರಲ್ಲಿ ಹಿರಿಯರೊಬ್ಬರು ತಕರಾರಿನ ಸಂಗತಿ ಎತ್ತಿದರು. ಮೊಯ್ದೀನಬ್ಬ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ:

“ತಕರಾರು ಇಲ್ಲ, ನಾನು ಹಿಂದೆ ತೆಗೆದುಕೊಳ್ತೇನೆ. ಆ ಮೂಲೆಯಲ್ಲಿ ಸಂಕಪ್ಪಣ್ಣ ಮನೆ ಕಟ್ಟಿ ಕೂತುಕೊಳ್ತಾರೆ. ಅವರು ದಾರಿ ಬಿಡ್ತಾರೆ. ಅವರ ಮಾತು ನಮಗೆ ಸಾಕು.”

ಸಂಕಪ್ಪನಿಗೆ ಹೇಳಲಾಗದ್ದನ್ನು ಬ್ಯಾರಿ ನಾಲ್ಕು ಜನರ ಎದುರು ಹೇಳಿಬಿಟ್ಟಿದ್ದ. ಅವನು ಮೆಲ್ಲಗೆ ತಿರುಗಿ ಅಕ್ಕನ ಕಡೆ ನೋಡಿದ. ಪದ್ದಕ್ಕ ಕೇಳಿಸಿಕೊಂಡಿದ್ದಳು, ಖಂಡಿತ ಕೇಳಿಸಿಕೊಂಡಿದ್ದಳು. ಅವಳು ಬೇಡ ಎನ್ನಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಬಾಯಿಯಲ್ಲಿದ್ದ ವೀಳ್ಯವನ್ನು ಅಂಗಳಕ್ಕೆ ಉಗಿದು, ಬಂದವರಿಗೆ ಇನ್ನೊಂದು ಎಳನೀರು ಕೊಡಲು ಹೇಳಿದಳು. ಅಷ್ಟು ಸಾಕಾಯಿತು ನಮ್ಮ ಸಂಕಪ್ಪನಿಗೆ. ಅಕ್ಕ ಒಪ್ಪಿದಳು ಎಂದುಕೊಂಡ. ಅತ್ತಾವರಕ್ಕೆ ಹಾರಿಕೊಂಡು ಹೋದ. “ಅಕ್ಕನಿಗೂ ಗೊತ್ತಾಯಿತು, ಅವಳು ಇಲ್ಲ ಅನ್ನಲಿಲ್ಲ,” ಎಂದು ಯಮುನಳಿಗೆ ಹೇಳಿದ. ಬಾಗಿಲು ನೀರಿನ ಕಡೆಗೇ ಇರಲಿ ಎಂದಳು ಅವಳು.

ನಕ್ಷೆ ಪಾಸಾಯಿತು. ಎಂಟೂ ಸೈಟುಗಳು ವಾಸದ ಜಾಗವೆಂದು ಮುದ್ರೆ ಬಿತ್ತು. ಐದು ಕೂಡಲೇ ಮಾರಾಟವಾದವು. ಗುಣಪಾಲ ಬೊಂಬಾಯಿಯಿಂದ ಬಂದು ಮಾವನ ಬೆನ್ನು ತಟ್ಟಿದ. ಉಳಿದದ್ದನ್ನು ಕುಟುಂಬದೊಳಗೆ ಪಾಲು ಮಾಡಿ ಬರೆಸಬೇಕೆಂದು ವಕೀಲರನ್ನು ಮನೆಗೇ ಕರೆಸಿದರು. ಹೊಸ ಕಾಯಿದೆ ಬಂದಿತ್ತು. ಕುಟುಂಬದ ಆಸ್ತಿ ಪಾಲಾಗಬಹುದು, ಗಂಡಸಿಗೂ ಅದರಲ್ಲಿ ಪಾಲುಂಟು. ವಕೀಲರು ಅದನ್ನೇ ಹೇಳಿ, ಲೇಖನಿ ಹಿಡಿದು ಸಂಕಪ್ಪನ ಮುಖ ನೋಡಿದರು.

“ಶೆಟ್ರೇ, ನಿಮ್ಮ ಪಾಲಿಗೆ ಎಂತ ಬರೆಯಲಿ?”

ಇಂಥ ಹೊತ್ತಿನಲ್ಲಿ ಅವರ ಕಡೆಯ ಯಜಮಾನ ಏನು ಹೇಳಬೇಕೋ ಅದನ್ನೇ ಸಂಕಪ್ಪ ಹೇಳಿದ.

“ನನಗೆ ಎಂತಕ್ಕೆ?”

ಹೇಳಿ ಅಕ್ಕನ ಮುಖ ನೋಡಿದ. ಆ ಮಾತಿಗೆ ಹಿರಿಯ ಹೆಂಗಸು ಕೊಡಬೇಕಾದ ಉತ್ತರ ಒಂದಿದೆ. ‘ಹಾಗೆಂದರೆ ಆಗುತ್ತದಾ, ನಿನಗೂ ಬೇಕು’ ಎಂದು ಗದರಿಸಬೇಕು. ಅವನು ಇನ್ನೊಮ್ಮೆ ಬೇಡ ಎನ್ನಬೇಕು, ಇವಳು ಇನ್ನೊಮ್ಮೆ ಗದರಿಸಬೇಕು. ಹೀಗೆ ಎಳೆದಾಡಿಯೇ ಅವರಲ್ಲಿ ಕೊಡುವುದು ತೆಗೆದುಕೊಳ್ಳುವುದು ನಡೆಯುವುದು.

ಪದ್ದಕ್ಕ ಸೆರಗು ಸರಿ ಮಾಡಿಕೊಂಡಳು. “ಅವನಿಗೆ ಎಂತಕ್ಕೆ? ಅವನು ನಮ್ಮ ಜತೆಯಲ್ಲೇ ಇರ್ತಾನಲ್ಲ,” ಎಂದಳು.

“ಹಾಗಾದ್ರೆ ಎಂಟನೆಯದ್ದು ನನಗೆ ಬರೆಯಿರಿ,” ಎಂದ ಗುಣಪಾಲ. ಎದುರಿನ ತಟ್ಟೆಯಿಂದ ಗೇರುಬೀಜ ತೆಗೆದು ಬಾಯಿಗೆ ಹಾಕಿಕೊಂಡ.

ವಕೀಲರು ಬರೆದರು, ಓದಿ ಹೇಳಿದರು. ಮೊದಲ ರುಜು ಯಜಮಾನನದ್ದಾಗಬೇಕು. ಸಂಕಪ್ಪ ರುಜು ಹಾಕಿದ. ಕೈ ನಡುಗಲಿಲ್ಲ. ನಡುಗಿದ್ದರೆ ಒಳ್ಳೆಯದಿತ್ತು, ಯಾರಾದರೂ ನೋಡುತ್ತಿದ್ದರು.

ಗುಣಪಾಲ ಎಂಟನೆಯ ಸೈಟಿನಲ್ಲಿ ಮನೆ ಎಬ್ಬಿಸಿದ. ತಾರಸಿ ಮನೆ, ನೀರಿನ ಕಡೆಗೆ ಬಾಗಿಲು. ಯಾರಿಗಾಗಿ? ತನ್ನ ಹೆಂಡತಿಗಾಗಿ. ಕಾಲ ಬದಲಾಗಿತ್ತು. ಹೆಂಡತಿ ತವರಿನಲ್ಲೇ ಇರುವುದು ಹಳೆಗಾಲದವರ ಕ್ರಮ ಎನ್ನುತ್ತಿದ್ದರು ಹುಡುಗರು. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿ ಉಂಡು ಹೋದರು. ಹೆಂಡತಿಗೆ ಮನೆ ಕಟ್ಟಿದನೆಂದು ಒಬ್ಬನಾದರೂ ಮೂಗು ಮುರಿಯಲಿಲ್ಲ. ಯಾವ ಮಾತಿಗೆ ಹೆದರಿ ಸಂಕಪ್ಪ ಆಯುಷ್ಯವಿಡೀ ಬಾಯಿಗೆ ಬೀಗ ಹಾಕಿಕೊಂಡನೋ ಆ ಮಾತು ಆಡುವವರೇ ಊರಲ್ಲಿ ಉಳಿದಿರಲಿಲ್ಲ. ಅದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ.

ಮನೆಯ ಸುತ್ತ ಕೆಂಪುಕಲ್ಲಿನ ಗೋಡೆ ಎದ್ದಿತು, ನೀರಿನವರೆಗೂ. ಸಂಕಪ್ಪ ಅಳಿಯನ ಬಳಿ ಹೋಗಿ, ಮರದ ಬುಡದಲ್ಲಿ ಒಂದಾಳು ಹೋಗುವಷ್ಟು ಜಾಗ ಬಿಡು, ಮಾತು ಕೊಟ್ಟಿದ್ದೇನೆ ಎಂದ. “ನೀವು ಕೊಟ್ಟದ್ದಲ್ವಾ ಮಾವ, ನಾನು ಕೊಟ್ಟದ್ದಲ್ಲ,” ಎಂದು ನಕ್ಕ ಗುಣಪಾಲ. ಅವನು ಕೆಟ್ಟವನೆಂದು ಹೇಳಲಾರೆ. ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವವನು, ಸಿಕ್ಕಿದ್ದನ್ನು ಬಿಡದವನು, ಅಷ್ಟೇ.

ಒಂದು ಬೆಳಿಗ್ಗೆ ಮೊಯ್ದೀನಬ್ಬ ರಸ್ತೆಯಲ್ಲೇ ಸಂಕಪ್ಪನನ್ನು ತಡೆದು ನಿಲ್ಲಿಸಿದ. ಬೈಯಲಿಲ್ಲ. ಬೈದಿದ್ದರೆ ಸಂಕಪ್ಪನಿಗೆ ಹಗುರವಾಗುತ್ತಿತ್ತು.

“ಖತೀಜಮ್ಮ ನಿನ್ನೆ ಗೋಡೆಯವರೆಗೆ ಹೋಗಿ ಬಟ್ಟೆ ಹಿಡ್ಕೊಂಡು ವಾಪಸ್ ಬಂದ್ಲು. ನಾನು ಹಿಂದೆ ತೆಗೆದುಕೊಂಡದ್ದು ನಿಮ್ಮ ಮುಖ ನೋಡಿ, ಸಂಕಪ್ಪಣ್ಣ. ಸೈಟು ನೋಡಿ ಅಲ್ಲ.”

ಅಂದಿನಿಂದ ಸಂಕಪ್ಪ ಒಣಮೀನಿನ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು, ಕದ್ರಿಯ ಕಡೆಯಿಂದ ಸುತ್ತಿ ಅತ್ತಾವರಕ್ಕೆ ಹೋಗುತ್ತಿದ್ದ. ಆ ವಯಸ್ಸಿನಲ್ಲಿ ಆ ಏರು ಹತ್ತುವುದು ಸುಲಭವಲ್ಲ.

ಒಮ್ಮೆ, ಒಂದೇ ಒಂದು ಸಲ, ಅವನು ಅಕ್ಕನೆದುರು ಬಾಯಿ ತೆರೆದ. ಪದ್ದಕ್ಕ ಜಗಲಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು.

“ಅಕ್ಕಾ, ಅವತ್ತು ಬ್ಯಾರಿ ಹೇಳಿದ್ದು ನಿನಗೆ ಕೇಳಿಸಿತ್ತಲ್ಲ? ಎಂಟನೆಯದರಲ್ಲಿ ನಾನು ಇರ್ತೇನೆ ಅಂತ?”

“ಕೇಳಿಸದೆ ಎಂತ, ನನಗೆ ಕಿವುಡಾ?”

“ಮತ್ತೆ ನೀನು...”

“ನೀನು ಕೇಳಲೇ ಇಲ್ವಲ್ಲ ಸಂಕಪ್ಪ,” ಎಂದಳು ಪದ್ದಕ್ಕ, ಅಡಿಕೆಯ ಹೋಳಿನಿಂದ ಕಣ್ಣೆತ್ತದೆ. “ಬ್ಯಾರಿ ಹೇಳಿದ. ನೀನು ಎಲ್ಲಿ ಕೇಳಿದ್ದಿ? ಕೇಳಿದ್ರೆ ಇಲ್ಲ ಅಂತಿದ್ದೆನಾ?”

ಕೇಳಿದ್ದರೆ ಅವಳು ಏನೆನ್ನುತ್ತಿದ್ದಳೆಂದು ದೇವರಿಗೇ ಗೊತ್ತು. ಕೊಡುತ್ತಿದ್ದಳೋ ಏನೋ. ಅಥವಾ ಸಂಜೆಯೊಳಗೆ ಅವನ ಎಲೆ ಹೊರಜಗಲಿಗೆ ಬರುತ್ತಿತ್ತೋ ಏನೋ. ಸಂಕಪ್ಪ ಅದನ್ನು ಒಳಗೊಳಗೇ ತಿರುವಿ ಮುರುವಿ ಉಳಿದ ವರ್ಷಗಳನ್ನು ಕಳೆದ. ಯಮುನಾ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಕಲ್ಲಿನ ಸುದ್ದಿಯನ್ನೂ ಎತ್ತಲಿಲ್ಲ. ಅವಳ ಆ ಸುಮ್ಮನಿರುವಿಕೆಯನ್ನು ಹೊತ್ತುಕೊಂಡು ನಡೆಯುವುದು ಕದ್ರಿಯ ಏರಿಗಿಂತ ಕಷ್ಟವಾಗಿತ್ತು.

ಅರವತ್ತಾರರ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಅತ್ತಾವರದ ಮನೆಯ ಚಾವಡಿಯಲ್ಲಿ, ಸಂಕಪ್ಪ ಕುಡಿಯುತ್ತಿದ್ದ ಗಂಜಿಯ ಬಟ್ಟಲು ಕೆಳಗಿಟ್ಟು ಹಾಗೇ ಒರಗಿದ. ಭಾವಮೈದ ಎದ್ದು ನಿಂತ. ಆದರೆ ನೆಂಟನ ಹೆಣವನ್ನು ನೆಂಟರ ಮನೆಯಲ್ಲಿ ಇಟ್ಟುಕೊಳ್ಳುವ ಕ್ರಮವಿಲ್ಲ. ಅವನವನ ಕುಟುಂಬಕ್ಕೆ ಒಯ್ಯಬೇಕು, ಸೋದರಳಿಯ ಬೆಂಕಿ ಇಡಬೇಕು, ಕುಟುಂಬದ ನೆಲದಲ್ಲೇ ಸುಡಬೇಕು. ಬಾಡಿಗೆ ಲಾರಿಯಲ್ಲಿ ಅವನನ್ನು ಬಿಜೈಗೆ ತಂದರು. ಹಿಂದಿನಿಂದ ಇನ್ನೊಂದು ಬಾಡಿಗೆ ಕಾರಿನಲ್ಲಿ ಯಮುನಾ ಬಂದಳು, ನೆಂಟರ ಹಾಗೆ.

ತಂದ ಮೇಲೆ ತಿಳಿಯಿತು, ಕುಟುಂಬಕ್ಕೆ ನೆಲವೇ ಉಳಿದಿರಲಿಲ್ಲ. ಹಿಂದಿನವರನ್ನೆಲ್ಲ ಸುಟ್ಟ ಜಾಗದಲ್ಲಿ ಬ್ಯಾಂಕಿನ ಏಜೆಂಟರ ಮನೆ ನಿಂತಿತ್ತು. ಆರು, ಏಳರಲ್ಲಿ ಸೋದರಸೊಸೆಯರ ಮನೆಗಳು. ಜಗಲಿಯಲ್ಲಿ ಕುಳಿತ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಒಳಗಿನಿಂದ ಪದ್ದಕ್ಕ ಕೋಲೂರಿಕೊಂಡು ಬಂದು, ತಮ್ಮನ ತಲೆಯ ಬಳಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಎಂಟನೆಯದರಲ್ಲಿ ಸುಡ್ಲಿ. ಕುಂಟಲ ಮರದ ಹತ್ತಿರ. ಅದು ಅವನದ್ದು.”

ಆ ಮಾತಿಗಾಗಿ ಆ ಮನುಷ್ಯ ಕಾದದ್ದೆಷ್ಟು! ಬಂತು ಕೊನೆಗೆ. ಅವನ ಮೂಗಿಗೆ ಹತ್ತಿ ಇಟ್ಟಾಗಿತ್ತು.

ಗುಣಪಾಲ ತಾಯಿಯನ್ನು ಬದಿಗೆ ಕರೆದ. ಮೆಲ್ಲಗೆ ಮಾತಾಡಬೇಕೆಂದಿದ್ದ, ಆದರೆ ಎಲ್ಲರಿಗೂ ಕೇಳಿಸಿತು.

“ಎಂತ ಹೇಳ್ತೀರಿ ಅಮ್ಮ? ಅದು ವಾಸದ ಜಾಗ ಅಂತ ಪಾಸಾದದ್ದು. ಮನೆಗಳ ಮಧ್ಯೆ ಸುಟ್ಟರೆ ಕಚೇರಿಯವರು ಬಿಡ್ತಾರಾ? ಪಾಸ್ ಮಾಡಿಸಿದ್ದೇ ಮಾವ.”

ಅದು ನಿಜವೇ ಆಗಿತ್ತು. ಸಂಕಪ್ಪನನ್ನು ಮತ್ತೆ ಲಾರಿಗೆ ಹತ್ತಿಸಿ ಸಾರ್ವಜನಿಕ ಸ್ಮಶಾನಕ್ಕೆ ಒಯ್ದರು. ಲಾರಿ ಕೆರೆಯ ತಿರುವಿಗೆ ಬಂದಾಗ ಗೋಡೆಯ ಆಚೆ ಬದಿಯಲ್ಲಿ ಮೊಯ್ದೀನಬ್ಬ ತಲೆಗೆ ವಸ್ತ್ರ ಹಾಕಿಕೊಂಡು ನಿಂತಿದ್ದ. ಲಾರಿ ಹೋಗುವವರೆಗೆ ನಿಂತು, ಆಮೇಲೆ ಅಂಗಡಿಗೆ ಹೋದ.

ಯಮುನಾ ಹೊರಡುವ ಮುಂಚೆ ಒಬ್ಬಳೇ ಎಂಟನೆಯ ಸೈಟಿನ ಗೇಟಿನವರೆಗೆ ನಡೆದಳು. ಒಳಗೆ, ನೀರಿನ ಕಡೆಯ ಬಾಗಿಲ ಪಕ್ಕದ ಚಪ್ಪರದಲ್ಲಿ, ಅವಳ ಕಡೆಯುವ ಕಲ್ಲು ಇತ್ತು. ಮನೆ ಕಟ್ಟುವಾಗ ಸಿಕ್ಕಿತಂತೆ, ಒಳ್ಳೆಯ ಕಲ್ಲೆಂದು ಇಟ್ಟುಕೊಂಡರಂತೆ. ಗುಣಪಾಲನ ಹೆಂಡತಿ ಹೊರಗೆ ಬಂದು, “ಒಳಗೆ ಬನ್ನಿ ಅತ್ತೆ, ಕೂತುಕೊಳ್ಳಿ, ನೀರು ಬೇಕಾ?” ಎಂದು ಉಪಚರಿಸಿದಳು. ಒಳ್ಳೆಯ ಹುಡುಗಿ, ಅವಳಿಗೆ ಏನೂ ಗೊತ್ತಿರಲಿಲ್ಲ.

ಯಮುನಾ ಕಲ್ಲನ್ನು ನೋಡಿದಳು. ನಿನ್ನೆ ಕಡೆದ ಅಕ್ಕಿಯ ಹಿಟ್ಟು ಗುಂಡಿಯ ಅಂಚಿನಲ್ಲಿ ಬೆಳ್ಳಗೆ ಒಣಗಿತ್ತು.

“ಕಲ್ಲು ಹೇಗುಂಟು?” ಎಂದು ಕೇಳಿದಳು.

“ನುಣ್ಣಗೆ ಆಗ್ತದೆ ಅತ್ತೆ,” ಎಂದಳು ಹುಡುಗಿ.

ಯಮುನಾ ಹೂಂ ಎಂದಳು. ರಸ್ತೆಯಲ್ಲಿ ಬಾಡಿಗೆ ಕಾರು ಕಾಯುತ್ತಿತ್ತು. ಅವಳು ಹೋಗಿ ಕುಳಿತು ಅತ್ತಾವರಕ್ಕೆ, ಅಣ್ಣನ ಮನೆಗೆ, ವಾಪಸು ಹೋದಳು.